ಮುಕ್ಕಾಲು ಫೀಸು

ವರದಾಂಬಾ ಕ್ಯಾಸ್ಟಿಂಗ್ಸ್ ಎಂಬ ಎರಕದ ಕಾರ್ಖಾನೆಯ ಹರಾಜಿಗೆ ಇನ್ನು ಹನ್ನೆರಡೇ ದಿನ ಉಳಿದಿದ್ದಾಗ ಬಾಬು ಸಾಬ್ ಭದ್ರಾವತಿಯಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದರು. ವಕೀಲೆ ನಿಖತ್‌ಳ ಕಚೇರಿ ಇದ್ದದ್ದು ಬಾಲರಾಜ ಅರಸ್ ರಸ್ತೆಯ ಒಂದು ಝೆರಾಕ್ಸ್ ಅಂಗಡಿಯ ಮೇಲೆ. ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಅವರಿಗೆ ಏದುಸಿರು ಬಂದಿತ್ತು. ಮೂವತ್ತನಾಲ್ಕು ವರ್ಷ ಅಚ್ಚಿನ ಮರಳಿನ ಧೂಳು ಕುಡಿದ ಎದೆ ಅದು. ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದು, ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಓದು ಬೇಟಿ. ಬರೆಯೋಕೆ ಎರಡು ದಿನ ಆಯ್ತು ನನಗೆ."

ನಿಖತ್ ಆ ಫೌಂಡ್ರಿಯ ಲಿಕ್ವಿಡೇಟರ್. ದಿವಾಳಿಯಾದ ಕಂಪನಿಯ ಆಸ್ತಿಯನ್ನೆಲ್ಲ ಮಾರಿ, ಬಂದ ಹಣವನ್ನು ಕಾನೂನು ಹೇಳಿದ ಸಾಲಿನಲ್ಲಿ ಹಂಚಿ, ಕೊನೆಗೆ ಆ ಕಂಪನಿಯ ಹೆಸರನ್ನೇ ಅಳಿಸಿಹಾಕುವ ಕೆಲಸ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವುದು ಈ ಕೆಲಸದ ಖರ್ಚು. ಕಾವಲಿನವರು, ಜಾಹೀರಾತು, ಬೆಲೆ ಕಟ್ಟುವವರು, ಕೋರ್ಟಿನ ವಕೀಲರು, ಅವಳ ಸ್ವಂತ ಫೀಸು ಎಲ್ಲವೂ ಅದರಲ್ಲೇ ಸೇರಿದ್ದು. ಅದರ ಹಿಂದೆ ಬ್ಯಾಂಕು ಮತ್ತು ಕಾರ್ಮಿಕರು ಜೊತೆಜೊತೆಗೆ. ಇದ್ದ ಅರವತ್ತನಾಲ್ಕು ಕಾರ್ಮಿಕರ ಪರವಾಗಿ, ಹಣ ಬರಬೇಕಾದವರ ಸಲಹಾ ಸಮಿತಿಯಲ್ಲಿ ಕೂರುತ್ತಿದ್ದವರು ಬಾಬು ಸಾಬ್.

ಪತ್ರದಲ್ಲಿ ಹೆಚ್ಚೇನೂ ಇರಲಿಲ್ಲ. ಬೆಳಗಾವಿಯ ಫೌಂಡ್ರಿ ಮಾಲೀಕರೊಬ್ಬರು ಬಂದು ನೋಡಿಹೋಗಿದ್ದಾರೆ. ಕಾರ್ಖಾನೆಯನ್ನು ಇದ್ದ ಹಾಗೇ ಕೊಂಡು ನಡೆಸುವ ಮನಸ್ಸಿದೆ. ಅವರ ಬ್ಯಾಂಕಿನಿಂದ ಸಾಲ ಮಂಜೂರಾಗಲು ಮೂರು ತಿಂಗಳು ಬೇಕು. ದಯಮಾಡಿ ಅಲ್ಲಿಯವರೆಗೆ ಹರಾಜು ಮುಂದೂಡಬೇಕು. ಕೆಳಗೆ ಬಾಬು ಸಾಬ್ ಅವರ ರುಜು, ಒಂದೊಂದು ಅಕ್ಷರವೂ ಬೇರೆಬೇರೆಯಾಗಿ ನಿಂತದ್ದು.

"ಉಳಿದವರು ಏನಂತಾರೆ ಚಾಚಾ?"

"ಅವರಿಗೆ ಹೇಳಿಲ್ಲ. ಹೇಳಿದ್ರೆ ಅರ್ಧ ಜನ ಈಗಲೇ ಕಾಸು ಬೇಕು ಅಂತಾರೆ. ತಪ್ಪು ಅನ್ನಲ್ಲ, ಎಲ್ಲರ ಮನೇಲೂ ಒಲೆ ಇದೆ." ಸ್ವಲ್ಪ ತಡೆದು ಅಂದರು, "ಗುಜರಿ ಭೀಮೇಶ್ ಕೊಂಡ್ರೆ ಗ್ಯಾಸ್ ಕಟರ್ ಹಾಕಿ ಎಲ್ಲ ತೂಕಕ್ಕೆ ಮಾರ್ತಾನೆ. ಬೆಳಗಾವಿಯವರು ಬಂದ್ರೆ ನಲವತ್ತು ಜನಕ್ಕಾದ್ರೂ ಕೆಲಸ ಸಿಗುತ್ತೆ. ಫರ್ನೇಸ್ ಮುಟ್ಟಿ ನೋಡಿ ಹೇಳಿದ್ರು, ಜೂನ್‌ದಾಗ ಚಾಲೂ ಮಾಡೋಣ್ರೀ ಅಂತ. ಒಂದು ಮಾತು ಮಾತ್ರ. ಮೀಟಿಂಗಲ್ಲಿ ನನ್ನ ಹೆಸರು ಎತ್ತಬೇಡ."

ಅವರು ಹೋದ ಮೇಲೆ ನಿಖತ್ ಗೋಡೆಯ ಕ್ಯಾಲೆಂಡರಿನತ್ತ ನೋಡಿದಳು. ಮಾರ್ಚ್ ಹದಿನೆಂಟಕ್ಕೆ ಅವಳು ನೇಮಕವಾಗಿ ಆರು ತಿಂಗಳು. ಲಿಕ್ವಿಡೇಟರುಗಳಿಗೆ ಹಾಕಿಕೊಟ್ಟ ನಿಯಮ ಸರಳವಾಗಿತ್ತು. ಆರು ತಿಂಗಳೊಳಗೆ ಮಾರಿ ಹಂಚಿದರೆ ಪೂರ್ತಿ ಫೀಸು, ಬಂದ ಹಣದ ಮೇಲೆ ಇಷ್ಟು ಪರ್ಸೆಂಟ್ ಅಂತ. ಮುಂದಿನ ಆರು ತಿಂಗಳಲ್ಲಾದರೆ ಅದರ ಮುಕ್ಕಾಲು. ವರ್ಷ ದಾಟಿದರೆ ಆ ಮುಕ್ಕಾಲಿನಲ್ಲಿ ಅರ್ಧ.

ಡಿಸೆಂಬರಿನಲ್ಲಿ ನಾಲ್ಕೂ ಮುಕ್ಕಾಲು ಕೋಟಿ ಕನಿಷ್ಠ ಬೆಲೆ ಇಟ್ಟು ಕೂಗಿದ ಮೊದಲ ಹರಾಜಿಗೆ ಒಬ್ಬರೂ ಬರಲಿಲ್ಲ. ಈಗ ಬೆಲೆ ಕಾಲುಭಾಗ ಇಳಿದು ಮೂರೂವರೆ ಕೋಟಿಯ ಆಸುಪಾಸಿಗೆ ಬಂದಿತ್ತು. ಭದ್ರಾವತಿಯ ಗುಜರಿ ವ್ಯಾಪಾರಿ ಭೀಮೇಶ್ ಮುಂಗಡ ಠೇವಣಿ ಕಟ್ಟಿ ತಯಾರಾಗಿ ಕೂತಿದ್ದ. ಕಾವಲಿನವರ ಸಂಬಳಕ್ಕೆ ಬ್ಯಾಂಕು ಕೊಡಬೇಕಾದ ಪಾಲು ಬಾರದೆ ನಿಖತ್ ಎರಡು ತಿಂಗಳಿಂದ ತನ್ನ ಕೈಯಿಂದಲೇ ಹಾಕುತ್ತಿದ್ದಳು. ಅವಳ ಗಂಡ ಜಮ್ಶೀದ್ ಟ್ರ್ಯಾಕ್ಟರ್ ಬಿಡಿಭಾಗಗಳ ವ್ಯಾಪಾರಿ. ಲೆಕ್ಕ ಕೇಳುವ ಜಾತಿಯವನಲ್ಲ, ಆದರೂ ಒಮ್ಮೆ ಊಟಕ್ಕೆ ಕೂತಾಗ, "ನೀನು ಆ ಕಂಪನಿ ಮುಚ್ತಿದ್ದೀಯೋ, ಸಾಕ್ತಿದ್ದೀಯೋ?" ಎಂದು ಕೇಳಿದ್ದ.

ಮಾರಿಬಿಡುವುದು ಅವಳಿಗೆ ಸುಲಭ, ಲಾಭ ಕೂಡ. ಅದೇ ಅವಳಿಗೆ ತೊಡಕಾಯಿತು.

ಸಂಜೆ ಅವಳು ರವೀಂದ್ರನಗರದ ನರಸಿಂಹಮೂರ್ತಿಯವರ ಮನೆಗೆ ಹೋದಳು. ಒಂಬತ್ತು ವರ್ಷ ಅವಳು ಅವರ ಜೂನಿಯರ್ ಆಗಿದ್ದವಳು. ಎಪ್ಪತ್ತನಾಲ್ಕರ ಮೂರ್ತಿಯವರು ಕೋಟು ಬಿಚ್ಚಿಟ್ಟು ಆರು ವರ್ಷವಾಗಿತ್ತು. ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು.

"ನಿನಗೆ ಹತ್ತಿಗಿರಣಿ ಕೇಸು ಗೊತ್ತಲ್ಲ?"

"ಫೈಲು ಹೊತ್ತಿದ್ದೀನಿ ಸರ್."

"ಹತ್ತೊಂಬತ್ತು ವರ್ಷ ನಡೀತು ಅದು. ಆಗ ಹಳೇ ಕಾನೂನು, ಹೈಕೋರ್ಟು, ಸರ್ಕಾರಿ ಲಿಕ್ವಿಡೇಟರು. ಆತನಿಗೆ ತಿಂಗಳ ಸಂಬಳ, ನನಗೆ ವಾಯಿದೆಗೆ ಇಷ್ಟು ಅಂತ ಫೀಸು. ಮುಗಿಸೋ ಅವಸರ ಯಾರಿಗಿತ್ತು? ಈ ಮನೆ ಮೇಲಿನ ಮಹಡಿ ಆ ಗಿರಣಿ ದುಡ್ಡಲ್ಲೇ ಎದ್ದಿದ್ದು ಅನ್ನು. ಹಂಚೋ ಹೊತ್ತಿಗೆ ಪಟ್ಟೀಲಿ ಅರ್ಧ ಜನದ ಹೆಸರಿನ ಮುಂದೆ 'ವಾರಸುದಾರರು' ಅಂತ ಬರೆದಿತ್ತು." ಮಾತು ನಿಲ್ಲಿಸಿ ಕನ್ನಡಕ ಏರಿಸಿಕೊಂಡರು. "ಹೊಸ ಕಾನೂನು ಮಾಡಿದೋರು ನಮ್ಮಂಥೋರನ್ನ ನೋಡಿಯೇ ಮಾಡಿದ್ದು. ಎಳೆದ್ರೆ ಫೀಸು ಕರಗೋ ಹಾಗೆ. ಅದರಲ್ಲಿ ನನಗೇನೂ ತಪ್ಪು ಕಾಣಲ್ಲಮ್ಮ."

"ಬೇಗ ಮಾರಿದ್ರೆ ನನಗೆ ಹೆಚ್ಚು ಸಿಗುತ್ತೆ ಸರ್. ಹಾಗಿದ್ಮೇಲೆ, ಬೇಗ ಮಾರೋದೇ ಸರಿ ಅಂತ ನನಗೆ ಅನ್ಸಿದ್ರೆ ಅದನ್ನ ನಾನು ಹೇಗೆ ನಂಬಲಿ?"

"ಮಾರಾಯ್ತಿ, ಅದನ್ನೇ ತಿರುಗಿಸಿ ಕೇಳ್ಕೋ. ನಿನಗೆ ನಷ್ಟ ಆಗೋದೆಲ್ಲ ಸರಿಯಾದದ್ದೇ ಅಂತ ಏನಾದ್ರೂ ಉಂಟಾ?"

ನಿಖತ್ ಮೂರ್ತಿಯವರ ಹೆಂಡತಿ ಕೊಟ್ಟ ಕಾಫಿ ಕುಡಿದು ಎದ್ದಳು.

ಸಮಿತಿಯ ಸಭೆ ಮೂರನೆಯ ದಿನ ಸೇರಿತು. ನಿಖತ್ ಯಾರ ಹೆಸರೂ ಎತ್ತದೆ ಬೆಳಗಾವಿಯವರ ವಿಷಯ ಮುಂದಿಟ್ಟಳು. ಬ್ಯಾಂಕಿನ ವಸೂಲಾತಿ ವಿಭಾಗದ ಶಾಮಲಾ ಮಾತನ್ನು ಉದ್ದ ಮಾಡುವವಳಲ್ಲ. "ಕೈಯಲ್ಲಿ ಒಬ್ಬ ಬಿಡ್ಡರ್ ಇದ್ದಾನೆ ಮೇಡಂ. ಬೆಳಗಾವಿಯವರು ಒಂದು ರೂಪಾಯಿ ಠೇವಣಿ ಇಟ್ಟಿದ್ದಾರಾ? ಇಲ್ಲ. ಮಾರಿ ಮುಗಿಸಿ." ನಿಖತ್ ಬಾಬು ಸಾಬ್ ಕಡೆ ನೋಡಿದಳು. ಅವರು ತಲೆ ಬಗ್ಗಿಸಿ ಮೇಜಿನ ಅಂಚಿನ ಮೇಲೆ ಬೆರಳಾಡಿಸುತ್ತಿದ್ದರು. ಬಾಯಿ ಬಿಡಲಿಲ್ಲ.

ಸಮಿತಿಯ ಸಲಹೆಯನ್ನು ಲಿಕ್ವಿಡೇಟರ್ ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ ಕಾರಣ ಬರೆದಿಡಬೇಕು. ನಿಖತ್ ಬರೆದಳು: ಕಾರ್ಖಾನೆಯನ್ನು ನಡೆಯುವ ಸ್ಥಿತಿಯಲ್ಲಿ ಮಾರುವ ಸಾಧ್ಯತೆ ಕಂಡುಬಂದಿರುವುದರಿಂದ ಹರಾಜು ಮುಂದೂಡಲಾಗಿದೆ. ಬಾಬು ಸಾಬರ ಪತ್ರದ ಮಾತು ಎತ್ತಲಿಲ್ಲ. ಭೀಮೇಶನಿಗೆ ಠೇವಣಿ ವಾಪಸು ಕಳಿಸಿದಳು. ಆ ದಿನ ಅವಳ ಮನಸ್ಸು ಎಂದೂ ಇಲ್ಲದಷ್ಟು ಹಗುರವಾಗಿತ್ತು. ಕೋರ್ಟಿಗೆ ಹೋಗುವ ದಾರಿಯಲ್ಲಿ, ಜೂನ್‌ನಲ್ಲಿ ಫರ್ನೇಸ್ ಚಾಲೂ ಆದರೆ ಭದ್ರಾವತಿಯ ಜನ ಏನನ್ನಬಹುದು ಎಂದು ಯೋಚಿಸುತ್ತ ನಡೆದಳು. ಅವಳು ಹುಟ್ಟಿ ಬೆಳೆದದ್ದೂ ಅದೇ ಊರಿನಲ್ಲಿ. ಅವಳ ತಂದೆ ಲಾರಿ ಮೆಕ್ಯಾನಿಕ್. ಅವರ ಮಗಳೇ ಬಾಗಿಲು ತೆಗೆಸಿದಳು ಎಂದು ಅನ್ನುವರು.

ಮಾರ್ಚ್ ಹದಿನೆಂಟು ದಾಟಿತು. ಏಪ್ರಿಲ್ ಕಳೆಯಿತು. ಬೆಳಗಾವಿಯವರು ಮೊದಮೊದಲು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು, ಆಮೇಲೆ ಹದಿನೈದು ದಿನಕ್ಕೊಮ್ಮೆ. ಮೇ ಕೊನೆಗೆ ಅವರ ಬ್ಯಾಂಕು ಸಾಲ ಕೊಡುವುದಿಲ್ಲವೆಂದಿತು. ಅವರೇನೂ ಮೋಸಗಾರರಲ್ಲ. ಫೋನಿನಲ್ಲಿ ನಾಲ್ಕು ಸಲ ಕ್ಷಮೆ ಕೇಳಿದರು.

ಅಷ್ಟರಲ್ಲಿ ನಿಖತ್ ಖರ್ಚು ತಗ್ಗಿಸಲೆಂದು ನಾಲ್ವರು ಕಾವಲಿನವರಲ್ಲಿ ಇಬ್ಬರನ್ನು ಬಿಡಿಸಿದ್ದಳು. ಜುಲೈನಲ್ಲಿ ಯಾರೋ ಹಿಂದಿನ ಕಾಂಪೌಂಡ್ ಒಡೆದು ಟ್ರಾನ್ಸ್‌ಫಾರ್ಮರಿನ ತಾಮ್ರವನ್ನೂ ಫರ್ನೇಸಿನ ಸುರುಳಿಯನ್ನೂ ಕತ್ತರಿಸಿ ಒಯ್ದರು. ಪೊಲೀಸರು ಪಂಚನಾಮೆ ಬರೆದುಕೊಂಡರು. ಮುಂದಿನ ಎರಡು ಹರಾಜಿನಲ್ಲಿ ಬೆಲೆ ಮತ್ತೆ ಮತ್ತೆ ಇಳಿಯಿತು. ಆಗಸ್ಟ್ ಕೊನೆಗೆ ಮೂರು ಕೋಟಿಗಿಂತ ಕೆಳಗೆ ಕೊಂಡವನು ಅದೇ ಭೀಮೇಶ್. ಕಾಗದಪತ್ರಕ್ಕೆ ಸಹಿ ಮಾಡುವಾಗ ಅವನು ನಗಲೂ ಇಲ್ಲ. "ಆವತ್ತೇ ಕೊಟ್ಟಿದ್ರೆ ಅರವತ್ತೆಂಟು ಲಕ್ಷ ಜಾಸ್ತಿ ಕೊಡ್ತಿದ್ದೆ ಮೇಡಂ. ನನಗೆ ಒಳ್ಳೇದೇ ಆಯ್ತು, ಆದ್ರೂ ಹೇಳ್ತೀನಿ," ಎಂದ.

ನ್ಯೂ ಟೌನಿನ ಒಂದು ಸಮುದಾಯ ಭವನದಲ್ಲಿ ನಿಖತ್ ಕಾರ್ಮಿಕರಿಗೆ ಹಂಚಿಕೆಯ ವಿವರ ಹೇಳಿದಳು. ಫೆಬ್ರವರಿಯಲ್ಲಿ ಮಾರಿದ್ದರೆ ತಲೆಗೆ ಒಂದು ಲಕ್ಷದ ಹತ್ತಿರ ಬರುತ್ತಿತ್ತು. ಈಗ ಬಂದದ್ದು ಎಪ್ಪತ್ತೆರಡು ಸಾವಿರ. ಆ ಇಪ್ಪತ್ತೆಂಟು ಸಾವಿರವನ್ನು ಅವಳೇ ಬಾಯಿಬಿಟ್ಟು ಹೇಳಿದಳು, ಮುಚ್ಚಿಡಲಿಲ್ಲ.

ಲಿಂಗಪ್ಪ ಎಂಬ ಮೋಲ್ಡರ್ ಹಿಂದಿನ ಸಾಲಿನಿಂದ ಎದ್ದು ನಿಂತ. "ಮೇಡಂ, ಒಂದು ಕೇಳ್ತೀನಿ. ನಿಮ್ಮ ಫೀಸು ನಮ್ಮದಕ್ಕಿಂತ ಮೊದಲು ತಗೊಳ್ತೀರೋ ಇಲ್ವೋ?"

"ಹೌದು. ಕಾನೂನಲ್ಲಿ ಹಾಗೇ ಇದೆ."

"ಹಂಗಾದ್ರೆ ಎಳೆದಷ್ಟೂ ನಿಮಗೆ ಲಾಭ ತಾನೆ? ನಮ್ಮಪ್ಪನ ಗಿರಣೀಲೂ ಹಿಂಗೇ ಆಗಿದ್ದು. ವಕೀಲರು ಮನೆ ಕಟ್ಟಿದ್ರು, ನಮ್ಮಪ್ಪ ಸತ್ತ."

"ಇಲ್ಲ ಲಿಂಗಪ್ಪೋರೆ, ಈಗ ಹಾಗಲ್ಲ. ಎಳೆದದ್ದಕ್ಕೆ ನನಗೆ ಮುಕ್ಕಾಲೇ ಬರೋದು..."

ಮಾತು ಮುಗಿಯುವ ಮೊದಲೇ ಭವನದ ತುಂಬ ನಗು. ವಕೀಲರಿಗೆ ತಡವಾದರೆ ನಷ್ಟ ಎಂಬ ಮಾತನ್ನು ಆ ಊರು ಎಂದೂ ಕೇಳಿರಲಿಲ್ಲ. ಮುಂದಿನ ಸಾಲಿನಲ್ಲಿ ಬಾಬು ಸಾಬ್ ಕೂತಿದ್ದರು. ಅವರು ನಗಲಿಲ್ಲ, ಏಳಲೂ ಇಲ್ಲ.

ನವೆಂಬರಿನಲ್ಲಿ, ಲಿಕ್ವಿಡೇಟರುಗಳ ಮೇಲೆ ಕಣ್ಣಿಡುವ ದೆಹಲಿಯ ದಿವಾಳಿ ಮಂಡಳಿಯಿಂದ ನೋಟಿಸು ಬಂತು. ಲಿಕ್ವಿಡೇಟರ್ ತನ್ನ ಲಾಭಕ್ಕಾಗಿ ಹರಾಜು ವಿಳಂಬಿಸಿದ್ದಾರೆ, ಕಾವಲು ತೆಗೆದು ಕಳ್ಳತನಕ್ಕೆ ದಾರಿ ಮಾಡಿಕೊಟ್ಟಿದ್ದಾರೆ ಎಂದು ಅರವತ್ತನಾಲ್ಕು ಕಾರ್ಮಿಕರ ದೂರು. ಸಹಿಗಳ ಪಟ್ಟಿಯಲ್ಲಿ ಮೊದಲನೆಯದನ್ನು ನಿಖತ್ ನೋಡಿದ ಕೂಡಲೇ ಗುರುತಿಸಿದಳು. ಅಕ್ಷರಗಳು ಬೇರೆಬೇರೆಯಾಗಿ ನಿಂತಿದ್ದವು.

ಸಿಟ್ಟು ಬರಬೇಕಿತ್ತು, ಬಂತು ಕೂಡ. ಕಪಾಟಿನಿಂದ ಆ ಪತ್ರ ತೆಗೆದು ಉತ್ತರದ ಜೊತೆಗಿಟ್ಟು ಪಿನ್ನು ಹೊಡೆದಳು. ಆಮೇಲೆ ಪಿನ್ನು ಕಿತ್ತಳು. ಪತ್ರ ಲಗತ್ತಿಸಿದರೆ ಅವಳ ಮಾತಿಗೆ ಸಾಕ್ಷಿ ಸಿಗುತ್ತದೆ. ಆದರೆ ಉತ್ತರದ ಒಂದು ಪ್ರತಿ ದೂರುದಾರರಿಗೂ ಹೋಗುತ್ತದೆ. ತಮ್ಮ ಇಪ್ಪತ್ತೆಂಟು ಸಾವಿರ ಹೋದದ್ದು ತಮ್ಮವರದೇ ಪತ್ರದಿಂದ ಎಂದು ಅರವತ್ತಮೂರು ಮನೆಗಳಿಗೆ ಗೊತ್ತಾಗುತ್ತದೆ. ಲಗತ್ತಿಸದಿದ್ದರೆ ಎಚ್ಚರಿಕೆಯೋ, ಒಂದು ವರ್ಷದ ಅಮಾನತ್ತೋ, ಹೇಳಲಾಗದು. ಭಾನುವಾರ ಅವಳು ಒಬ್ಬಳೇ ಸ್ಕೂಟರಿನಲ್ಲಿ ಭದ್ರಾವತಿಗೆ ಹೊರಟಳು.

ಹೊಸಮನೆಯ ಕಿರಿದಾದ ಓಣಿಯಲ್ಲಿ ಬಾಬು ಸಾಬರ ಮನೆ. ಬಾಗಿಲು ತೆರೆದ ಅವರ ಹೆಂಡತಿ ಮೆಹರ್ ಬಾನು, "ಆವೋ ಬೇಟಿ" ಎಂದವರು ಅವಳ ಮುಖ ನೋಡಿ ಪಕ್ಕಕ್ಕೆ ಸರಿದು ನಿಂತರು. ಬಾಬು ಸಾಬ್ ಮಂಚದ ಮೇಲೆ ಎದ್ದು ಕೂತರು.

"ಸಹಿ ಯಾಕೆ ಹಾಕಿದ್ರಿ ಅಂತ ಕೇಳೋಕೆ ಬಂದೆಯಾ?"

"ಹೌದು ಚಾಚಾ."

"ಎಲ್ಲರೂ ಹಾಕಿದ್ರು. ನಾನೊಬ್ಬ ಬಿಟ್ಟಿದ್ರೆ ನೀನೂ ಮೇಡಮ್ಮೂ ಸೇರಿ ತಿಂದಿರಿ ಅಂತಿದ್ರು. ನಿಮ್ಮಪ್ಪಾನೂ ನಾನೂ ಒಂದೇ ಮಸೀದಿಗೆ ಹೋಗೋರು, ಅದನ್ನೂ ಎತ್ತಿ ಆಡಿದ್ರು." ಕೆಮ್ಮು ಬಂತು. ತಡೆದುಕೊಂಡರು. "ಹೆದರಿಕೊಂಡೆ. ಇನ್ನೇನೂ ಇಲ್ಲ."

ನಿಖತ್ ನೋಟಿಸನ್ನು ಓದಿ ಹೇಳಿದಳು. ಪತ್ರವನ್ನು ಜೊತೆಗಿಡಲು ಅವರ ಒಪ್ಪಿಗೆ ಬೇಕೆಂದಳು.

ಮೆಹರ್ ಬಾನು ಚಹಾದ ಲೋಟ ಅವಳ ಮುಂದಿಟ್ಟು ನಿಂತೇ ಹೇಳಿದರು, "ಬೇಡಮ್ಮ. ನಾವು ಈ ಓಣಿಯಲ್ಲೇ ಇರಬೇಕು. ಲಿಂಗಪ್ಪನ ಮನೆ ಅಗೋ ಎದುರಿಗೆ. ಇವರಿಗೆ ಉಸಿರು ಕಟ್ಟಿದಾಗ ಆಟೋ ತರೋನು ಅವನೇ. ನೀನು ಶಿವಮೊಗ್ಗದೋಳು, ವಕೀಲೆ, ನಿನಗೆ ನೂರು ದಾರಿ ಇರುತ್ತೆ."

ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ನಿಖತ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ತಾನು ಬಂದದ್ದು ಒಪ್ಪಿಗೆ ಕೇಳಲಿಕ್ಕಷ್ಟೇ ಅಲ್ಲ ಎಂಬುದು ಅವಳಿಗೆ ಅಲ್ಲಿ ಕೂತ ಮೇಲೆ ತಿಳಿಯಿತು.

"ಚಾಚಾ, ನಿಮ್ಮ ಪತ್ರ ಒಂದರಿಂದಲೇ ನಾನು ಹರಾಜು ನಿಲ್ಲಿಸಲಿಲ್ಲ. ನನಗೂ ಆಸೆಯಿತ್ತು. ಕಾರ್ಖಾನೆ ಬಾಗಿಲು ತೆಗೆಸಿದೋಳು ಅನ್ನಿಸ್ಕೋಬೇಕು ಅಂತ. ಫೀಸು ಬಿಟ್ಟೆ ಅಂತ ನನಗೆ ನಾನೇ ಶಭಾಸ್ ಅಂದ್ಕೊಂಡಿದ್ದೆ. ಹಾಗೆ ಅಂದ್ಕೊಂಡಿದ್ದಕ್ಕೇ ಬೆಳಗಾವಿಯವರ ಹತ್ರ ಠೇವಣಿ ಕೇಳೋಕೂ ತೋಚಲಿಲ್ಲ. ಶಾಮಲಾ ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

ಬಾಬು ಸಾಬ್ ತೆರೆದ ಬಾಗಿಲಿನಾಚೆ ಲಿಂಗಪ್ಪನ ಮನೆಯತ್ತ ನೋಡಿದರು. ಕೊನೆಗೆ, "ಎರಡು ದಿನ ಕೊಡು," ಎಂದರು.

ಅವಳು ಶಿವಮೊಗ್ಗಕ್ಕೆ ಮರಳಿದಳು. ಎರಡು ದಿನವೂ ಯಾವ ಕೆಲಸವೂ ನೆಟ್ಟಗೆ ಸಾಗಲಿಲ್ಲ. ಮೂರ್ತಿಯವರಿಗೆ ಫೋನು ಮಾಡಿದಾಗ ಅವರು, "ಅವರು ಬೇಡ ಅಂದ್ರೆ ಏನು ಮಾಡ್ತೀಯ?" ಎಂದು ಕೇಳಿದರು. "ಪತ್ರ ಇಲ್ಲದೇ ಉತ್ತರ ಬರೀತೀನಿ ಸರ್. ತೀರ್ಮಾನ ನನ್ನದೇ ಅಂತ. ಅದು ಸುಳ್ಳಲ್ಲ," ಎಂದಳು. ಮೂರ್ತಿಯವರು ಹ್ಞೂಂ ಎಂದರು, ಅಷ್ಟೇ.

ಬಾಬು ಸಾಬ್ ಬಂದದ್ದು ಮೂರನೆಯ ದಿನ, ಬುಧವಾರ. ಮೆಟ್ಟಿಲ ಮೇಲೆ ಅವರ ಕೆಮ್ಮು ಕೇಳಿಸಿ ನಿಖತ್ ಎದ್ದು ಹೋಗಿ ಕೈ ಹಿಡಿದು ಕರೆತಂದಳು.

"ಪತ್ರ ಇಡು," ಎಂದರು ಕೂರುತ್ತಲೇ. "ನಾನೇ ಹೇಳಿಬಿಟ್ಟೆ. ನಿನ್ನೆ ಹಳೇ ಸೇತುವೆ ಹತ್ರ ಹೋಟೆಲಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ರು. ಎದ್ದು ನಿಂತು ಹೇಳಿದೆ. ನಾನೇ ಬರೆದು ಕೊಟ್ಟಿದ್ದು, ನಿಮ್ಮನ್ನ ಕೇಳಲಿಲ್ಲ, ಮೀಟಿಂಗಲ್ಲಿ ಬಾಯಿ ಮುಚ್ಕೊಂಡೆ, ಆಮೇಲೆ ದೂರಿಗೂ ಸಹಿ ಹಾಕಿದೆ. ನಾಲ್ಕೂ ಹೇಳಿದೆ."

"ಏನಂದ್ರು?"

"ಒಬ್ಬ, ಬೆಳಗಾವಿಯವರು ಬಂದಿದ್ರೆ ನಿನ್ನನ್ನ ಹೊತ್ಕೊಂಡು ಕುಣೀತಿದ್ವಿ ಬಿಡು ಅಂದ. ಒಬ್ಬ ಲೋಟ ಕುಕ್ಕಿ ಎದ್ದುಹೋದ. ಲಿಂಗಪ್ಪ ಬೈಯಲೂ ಇಲ್ಲ. ಬೈದಿದ್ರೆ ಚೆನ್ನಾಗಿತ್ತು. ಅವನ ಮಗಳ ನರ್ಸಿಂಗ್ ಫೀಸು ಕಟ್ಟೋದಿತ್ತಂತೆ. ನನಗೆ ಗೊತ್ತಿರಲಿಲ್ಲ." ಅವರು ಅಂಗೈಯಿಂದ ಮುಖ ಉಜ್ಜಿಕೊಂಡರು. "ಇವತ್ತು ಬೆಳಗ್ಗೆ ಬಾಗಿಲಲ್ಲಿ ನಿಂತಿದ್ದ. ಸಲಾಂ ಅಂದೆ. ಒಳಗೆ ಹೋದ."

ಮಂಡಳಿ ನಾಲ್ಕು ತಿಂಗಳು ತೆಗೆದುಕೊಂಡು ದೂರನ್ನು ಮುಕ್ತಾಯ ಮಾಡಿತು. ಲಿಕ್ವಿಡೇಟರ್ ವಿಳಂಬದಿಂದ ಲಾಭ ಪಡೆದಿಲ್ಲ, ಬದಲಾಗಿ ಅವರ ಫೀಸು ಕಡಿಮೆಯಾಗಿದೆ. ಆದರೆ ಹರಾಜು ಮುಂದೂಡಿದ ಕಾರಣಗಳನ್ನು ಪೂರ್ತಿಯಾಗಿ ದಾಖಲಿಸಿಲ್ಲ, ಮುಂದೆ ಜಾಗ್ರತೆ ವಹಿಸತಕ್ಕದ್ದು. ಇಷ್ಟೇ. ಕಾವಲು ತೆಗೆದ ವಿಷಯಕ್ಕೆ ಮಂಡಳಿ ಒಂದೇ ಒಂದು ವಾಕ್ಯ ಬರೆದಿತ್ತು: ಅದು ವಿವೇಕದ ನಿರ್ಧಾರವಾಗಿರಲಿಲ್ಲ. ಅದನ್ನು ನಿಖತ್ ಮತ್ತೆಮತ್ತೆ ಓದಿದಳು. ಜಮ್ಶೀದ್ ಸ್ವೀಟು ತಂದ. ಅವಳು ತಿನ್ನಲಿಲ್ಲ. ಮುಕ್ಕಾಲು ಫೀಸಿನಲ್ಲಿ ತನ್ನ ಕೈಯಿಂದ ಹೋಗಿದ್ದನ್ನು ತುಂಬಿಕೊಂಡ ಮೇಲೆ ಉಳಿದದ್ದರಿಂದ ಲಿಂಗಪ್ಪನ ಮಗಳ ಫೀಸು ಕಟ್ಟಿಬಿಡಲೇ ಎಂದು ಒಂದು ಕ್ಷಣ ಅನಿಸಿತ್ತು. ಮತ್ತೆ ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆಯೇ ಅದು ಎಂದುಕೊಂಡು ಬಿಟ್ಟಳು. ಬಿಟ್ಟದ್ದು ಸರಿಯೋ ಜಿಪುಣತನವೋ ಅವಳಿಗೆ ಬಗೆಹರಿಯಲಿಲ್ಲ.

ಕಾರ್ಖಾನೆಯ ಆಫೀಸು ಕೋಣೆಯಲ್ಲಿ ಕಾರ್ಮಿಕರ ಪಿಎಫ್ ಕಡತಗಳು ಇನ್ನೂ ಉಳಿದಿದ್ದವು. ಅವನ್ನು ತರಲು ಒಂದು ಮಧ್ಯಾಹ್ನ ಅವಳು ಅಲ್ಲಿಗೆ ಹೋದಳು. ದೊಡ್ಡ ಶೆಡ್ಡಿನ ಅರ್ಧ ಚಾವಣಿ ಆಗಲೇ ಇಳಿದಿತ್ತು. ಒಳಗೆ ಗ್ಯಾಸ್ ಕಟರಿನ ನೀಲಿ ಜ್ವಾಲೆ, ಕಬ್ಬಿಣ ನೆಲಕ್ಕೆ ಬೀಳುವ ಸದ್ದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಬಾಬು ಸಾಬ್ ಕಟರ್ ಹಿಡಿದವರಿಗೆ ಕೈ ತೋರಿಸಿ ಏನೋ ಹೇಳುತ್ತಿದ್ದರು.

ಯಾವ ಯಂತ್ರದಲ್ಲಿ ಎಲ್ಲಿ ಹಿತ್ತಾಳೆಯಿದೆ, ಎಲ್ಲಿ ಎರಕದ ಕಬ್ಬಿಣ, ಎಲ್ಲಿ ಉಕ್ಕು ಎಂಬುದು ಗೊತ್ತಿರುವ ಮನುಷ್ಯ ಬೇಕೆಂದು ಭೀಮೇಶ್ ಅವರನ್ನು ದಿನಗೂಲಿಗೆ ಕರೆದಿದ್ದ. ದಿನಕ್ಕೆ ಏಳುನೂರು.

"ಈ ಧೂಳಲ್ಲಿ ನೀವು ಇರಬಾರದು ಚಾಚಾ," ಎಂದಳು ನಿಖತ್.

"ಇನ್ನು ಹದಿನೈದು ದಿನದ ಕೆಲಸ." ಅವರು ಕರವಸ್ತ್ರ ಕೆಳಗೆಳೆದರು. "ಲಿಂಗಪ್ಪನ್ನೂ ಕರೆಸ್ದೆ. ಅಗೋ, ಆ ಕಡೆ. ನನ್ನ ಹತ್ರ ಮಾತಾಡಲ್ಲ, ಕೆಲಸ ಮಾಡ್ತಾನೆ."

ಶೆಡ್ಡಿನ ಆಚೆ ತುದಿಯಲ್ಲಿ ಲಿಂಗಪ್ಪ ಒಬ್ಬನೇ ಅಚ್ಚಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ನಿಖತ್‌ಳನ್ನು ನೋಡಿದ. ಮುಖ ತಿರುಗಿಸಲಿಲ್ಲ, ಗುರುತೂ ತೋರಿಸಲಿಲ್ಲ. ಅವಳು ಕಡತಗಳನ್ನು ಎರಡು ಗೋಣಿಚೀಲಕ್ಕೆ ತುಂಬಿ, ಒಂದನ್ನು ತಾನೇ ಎತ್ತಿಕೊಂಡು ಗೇಟಿನತ್ತ ನಡೆದಳು. ಇನ್ನೊಂದಕ್ಕೆ ಮತ್ತೊಮ್ಮೆ ಬರಬೇಕಿತ್ತು.